ನೆಂಟರಾಚೆಗೂ ಮುಯ್ಯಿ: ಗುಮ್ಮಳಾಪುರದ ಅಂಗಡಿಯವರ ಮುಂದೆ ಆಡಿದ ಮಾತು

(ಗುಮ್ಮಳಾಪುರದಲ್ಲಿ ಅಂಗಡಿಯವರು, ಕಸುಬುದಾರರು ಸೇರಿದ್ದ ಸಂಜೆ ಮಾತಾಡಿದ್ದನ್ನು ಬರೆದು ಕೊಡಿ ಅಂತ ಪುಟದ ಗೆಳೆಯರು ಕೇಳಿದರು. ಆದಷ್ಟು ಮಾತಾಡಿದ ಹಾಗೇ ಬರೆದಿದ್ದೇನೆ.)

 

ಸಂಜೆ ಹೊತ್ತು ಅಂದ್ರೆ ವ್ಯಾಪಾರದ ಹೊತ್ತು. ಬಾಗಿಲು ಅರ್ಧ ಎಳೆದು, ಮಗನನ್ನೋ ಸೊಸೆಯನ್ನೋ ಗಲ್ಲಾದಲ್ಲಿ ಕೂರಿಸಿ ಬಂದಿದ್ದೀರಿ. ಅದಕ್ಕೇ ಉಪಯೋಗಕ್ಕೆ ಬರೋ ಮಾತನ್ನಷ್ಟೇ ಆಡ್ತೀನಿ. ನಾನೂ ಈ ತಳಿ-ಡೆಂಕಣಿಕೋಟೆ ಸೀಮೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಬಿಕಾಂ ಮಾಡಿ, ಈಗ ಬ್ಯಾಂಕ್ ಕೌಂಟರ್ ಹಿಂದೆ ಕೂತಿದ್ದೀನಿ. ದೊಡ್ಡ ಉದ್ಯಮಿ ಅಲ್ಲ. ಆದ್ರೆ ದಿನಕ್ಕೆ ನೂರು ಜನ ವ್ಯಾಪಾರಸ್ಥರ ಮುಖ ನೋಡ್ತೀನಿ.

ನೆಟ್‌ವರ್ಕಿಂಗ್ ಬಗ್ಗೆ ಮಾತಾಡಿ ಅಂದ್ರು. ಈಗ ಒಳಗೆ ಬರುವಾಗ ಒಬ್ಬರು ಅಣ್ಣ, "ನಮ್ಮೂರಲ್ಲಿ ಫೋನಿಗೇ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ, ಇನ್ನು ಇದ್ಯಾವ ನೆಟ್‌ವರ್ಕು ತಾಯಿ" ಅಂದ್ರು. ಅವರ ಮಾತಲ್ಲಿ ತಪ್ಪಿಲ್ಲ. ಈ ಪದ ಕೇಳಿದ ತಕ್ಷಣ ಬೆಂಗಳೂರಿನ ಹೋಟೆಲಿನಲ್ಲಿ ಕೋಟು ಹಾಕ್ಕೊಂಡು ವಿಸಿಟಿಂಗ್ ಕಾರ್ಡ್ ಹಂಚೋರು ಕಣ್ಣ ಮುಂದೆ ಬರ್ತಾರೆ. ನಮ್ಮ ರಾಗಿ ಮಿಲ್ಲಿಗೂ ಅದಕ್ಕೂ ಏನು ಸಂಬಂಧ ಅನ್ಸುತ್ತೆ.

ಆ ಪದ ಬಿಡೋಣ. ನಮ್ಮಲ್ಲಿ ಇದಕ್ಕೆ ಬೇರೆ ಪದ ಇದೆ, ಮುಯ್ಯಿ. ಮದುವೆ ಮನೆಯಲ್ಲಿ ಒಬ್ಬರು ಪುಸ್ತಕ ಹಿಡ್ಕೊಂಡು ಕೂತಿರ್ತಾರೆ. ಯಾರು ಎಷ್ಟು ಓದಿಸಿದರು ಅಂತ ಬರೀತಾರೆ. ನಾಳೆ ಅವರ ಮನೆಯಲ್ಲಿ ಮದುವೆ ಆದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿ ನಾವು ಓದಿಸ್ತೀವಿ. ಹೊಲದಲ್ಲಿ ಮುಯ್ಯಾಳು ಅಂತಾರೆ. ಇವತ್ತು ನಿಮ್ಮ ಹೊಲದ ಕಳೆ ತೆಗೆಯೋಕೆ ನಾನು ಬಂದ್ರೆ, ನಾಳೆ ನನ್ನ ಹೊಲಕ್ಕೆ ನೀವು ಬರ್ತೀರಿ. ತಮಿಳಿನವರು ಇದನ್ನೇ ಮೊಯ್ ಅಂತಾರೆ. ಪುದುಕ್ಕೋಟೈ, ತಂಜಾವೂರು ಕಡೆ ಇದನ್ನು ಬಹಳ ದೂರ ತಗೊಂಡು ಹೋಗಿದ್ದಾರೆ. ಅಲ್ಲಿ ಮದುವೆ ಇಲ್ಲದಿದ್ದರೂ "ಮೊಯ್ ವಿರುಂದು" ಅಂತ ಬರೀ ಊಟ ಹಾಕಿ, ಮುಯ್ಯಿ ಎತ್ತಿ, ಆ ದುಡ್ಡಲ್ಲಿ ವ್ಯಾಪಾರಕ್ಕೆ ಬಂಡವಾಳ ಹಾಕ್ತಾರೆ. ನಂತರದ ವರ್ಷಗಳಲ್ಲಿ ಉಳಿದವರು ಊಟ ಹಾಕಿದಾಗ ತೀರಿಸ್ತಾರೆ. ಲೆಕ್ಕ ತಪ್ಪಿದ್ರೆ ಊರಲ್ಲಿ ಮುಖ ತೋರಿಸೋ ಹಾಗಿಲ್ಲ.

ಅಂದ್ರೆ ಕೊಟ್ಟು ತಗೊಳೋದು, ನೆನಪಿಟ್ಕೊಳೋದು, ಹೊತ್ತಿಗೆ ಆಗೋದು, ಇದ್ಯಾವುದೂ ನಮಗೆ ಹೊಸದಲ್ಲ. ನನ್ನ ತಕರಾರು ಇರೋದು ಬೇರೆ ಕಡೆ. ನಾವು ಮುಯ್ಯಿ ಮಾಡೋದು ನೆಂಟರ ಜೊತೆ, ಜಾತಿಯವರ ಜೊತೆ, ಒಂದೇ ಭಾಷೆಯವರ ಜೊತೆ ಮಾತ್ರ. ವ್ಯಾಪಾರಕ್ಕೆ ಬೇಕಾದ ಸುದ್ದಿ, ಗಿರಾಕಿ, ಸಹಾಯ ಮಾತ್ರ ನೆಂಟರ ಹತ್ತಿರ ಇರಲ್ಲ.

ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಒಬ್ಬರು ಅಕ್ಕ ಮನೆಯಲ್ಲಿ ಹಪ್ಪಳ, ಸಂಡಿಗೆ, ಹುರುಳಿ ಚಟ್ನಿಪುಡಿ ಮಾಡ್ತಾರೆ. ತಿಂಗಳಿಗೆ ಎರಡು ಸಲ ಬಸ್ಸಲ್ಲಿ ಚೀಲ ಹೊತ್ತು ಹೊಸೂರಿಗೆ ಹೋಗಿ ಎರಡು ಅಂಗಡಿಗೆ ಹಾಕಿ ಬರ್ತಾರೆ. ದುಡ್ಡು ಬರೋದು ಮುಂದಿನ ಸಲ ಹೋದಾಗ. ಅದೇ ಕ್ಯೂನಲ್ಲಿ ಅವರ ಹಿಂದೆ ಎರಡನೆಯವರಾಗಿ ನಿಲ್ಲೋ ಅಣ್ಣ ಹೊಸೂರು ಫ್ಯಾಕ್ಟರಿ ಕಡೆ ಕ್ಯಾಂಟೀನ್ ಕಂಟ್ರಾಕ್ಟ್ ಮಾಡ್ತಾರೆ. ಅವರು ಹಪ್ಪಳ, ಪುಡಿ ಎಲ್ಲಾ ತರಿಸೋದು ಬೆಂಗಳೂರಿಂದ. ಇಬ್ಬರೂ ಒಂದೇ ಸೀಮೆಯವರು. ಇಬ್ಬರ ಮನೆಯಲ್ಲೂ ಕನ್ನಡ. ಒಬ್ಬರ ಮುಖ ಒಬ್ಬರಿಗೆ ವರ್ಷಗಳಿಂದ ಗೊತ್ತು, ಕಸುಬು ಮಾತ್ರ ಗೊತ್ತಿಲ್ಲ. ಬ್ಯಾಂಕಿನವಳಾಗಿ ಒಬ್ಬರ ವ್ಯವಹಾರ ಇನ್ನೊಬ್ಬರಿಗೆ ನಾನು ಹೇಳೋ ಹಾಗಿಲ್ಲ, ಗ್ರಾಹಕರ ಗುಟ್ಟು ಕಾಯೋದು ನಮ್ಮ ಕೆಲಸದ ಮೊದಲ ಪಾಠ. ಆದ್ರೆ ಕ್ಯೂನಲ್ಲಿ ನಿಂತ ನೀವು ನೀವೇ ಮಾತಾಡ್ಕೊಳ್ಳೋಕೆ ಯಾವ ರಿಸರ್ವ್ ಬ್ಯಾಂಕೂ ಅಡ್ಡ ಬರಲ್ಲ. ಆ ಅರ್ಧ ಗಂಟೆ ಎಲ್ಲರೂ ಫೋನ್ ನೋಡ್ತಾ ನಿಂತಿರ್ತಾರೆ.

ಈ ವಿಷಯದ ಮೇಲೆ ಅಮೆರಿಕದ ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಲೇಖನ ಬರೆದ್ರು. ಬಾಸ್ಟನ್ ಪಕ್ಕದ ನ್ಯೂಟನ್ ಅನ್ನೋ ಊರಲ್ಲಿ ಹೊಸದಾಗಿ ಕೆಲಸ ಬದಲಾಯಿಸಿದವರನ್ನ ಕೇಳಿದ್ರು: ಈ ಕೆಲಸದ ಸುದ್ದಿ ನಿಮಗೆ ಕೊಟ್ಟವರನ್ನ ನೀವು ಎಷ್ಟು ಸಲ ಭೇಟಿ ಆಗ್ತಿದ್ರಿ? ಪರಿಚಯದಿಂದ ಕೆಲಸ ಸಿಕ್ಕವರಲ್ಲಿ, ದಿನಾ ಓಡಾಡೋ ಹತ್ತಿರದವರಿಂದ ಸುದ್ದಿ ತಿಳಿದವರು ನೂರಕ್ಕೆ 17ರಷ್ಟು ಮಾತ್ರ. ಯಾವಾಗಲೋ ಒಮ್ಮೆ ಸಿಗೋರಿಂದ ತಿಳಿದವರು 55ಕ್ಕಿಂತ ಹೆಚ್ಚು. ಉಳಿದ 28ರಷ್ಟು ಜನಕ್ಕೆ ತೀರಾ ಅಪರೂಪಕ್ಕೆ ಸಿಗೋರಿಂದ. ಕಾರಣ ಸರಳ. ನನ್ನ ತಂಗಿಗೆ, ನನ್ನ ಭಾವನಿಗೆ ಗೊತ್ತಿರೋದೆಲ್ಲ ನನಗೂ ಗೊತ್ತಿರುತ್ತೆ, ನಾವು ಒಂದೇ ಕಟ್ಟೆ ಮೇಲೆ ಕೂರೋರು. ಹೊಸ ಸುದ್ದಿ ಬರೋದು ಬೇರೆ ಕಟ್ಟೆಯವರಿಂದ. ಅದು ಅಮೆರಿಕದ ದೊಡ್ಡ ಕೆಲಸದವರ ಲೆಕ್ಕ, ನಮ್ಮೂರಿಗೆ ಹಾಗೇ ಅಂಟಿಸೋಕೆ ಆಗಲ್ಲ ಅಂತ ಒಪ್ಕೋತೀನಿ. ಆದ್ರೆ ಕೌಂಟರಿನ ಈ ಕಡೆಯಿಂದ ನೋಡಿದ್ರೆ ನನಗೆ ಕಾಣೋದೂ ಅದೇ.

ಹೊರಗಿನವರಿಗೆ ಗುಮ್ಮಳಾಪುರ ಅಂದ್ರೆ ಏನು ಗೊತ್ತು? ಇಂಗ್ಲಿಷಿನಲ್ಲಿ ಬೇಟೆ ಕತೆ ಓದೋರಿಗೆ ಕೆನೆತ್ ಆಂಡರ್ಸನ್ ಬರೆದ ನರಭಕ್ಷಕ ಚಿರತೆ ಗೊತ್ತು. ವಚನ ಸಾಹಿತ್ಯ ಓದಿದವರಿಗೆ ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ ಗುಮ್ಮಳಾಪುರದ ಸಿದ್ಧಲಿಂಗಯತಿಗಳ ಹೆಸರು ಗೊತ್ತು. ಎರಡೂ ನಮಗೆ ಹೆಮ್ಮೆಯೇ, ಚಿರತೆದು ಸ್ವಲ್ಪ ಕಮ್ಮಿ ಇರಬಹುದು. ಆದ್ರೆ ಇಲ್ಲಿ ಯಾರು ಏನು ಮಾಡ್ತಾರೆ, ಏನು ಮಾರ್ತಾರೆ ಅನ್ನೋದು ಹೊಸೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮ್ಮ ಸುತ್ತ ಏನಿದೆ ನೋಡಿ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಹೊಸೂರು ಬೆಳೆಯಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಅವುಗಳ ಸುತ್ತ ಬೋಲ್ಟು, ನಟ್ಟು, ಪ್ಯಾಕಿಂಗ್, ಊಟ, ಬಟ್ಟೆ ಹೊಲಿಗೆ, ಗಾಡಿ ಬಾಡಿಗೆ ಅಂತ ಸಣ್ಣ ಸಣ್ಣ ಕಸುಬು ಹುಟ್ಟಿದವು. ಸಣ್ಣ ಘಟಕಗಳವರು ಹೋಸ್ಟಿಯಾ ಅಂತ ಸಂಘ ಕಟ್ಟಿಕೊಂಡಿದ್ದಾರೆ. ತಳಿ ಸುತ್ತಮುತ್ತ ಪಾಲಿಹೌಸ್‌ಗಳಲ್ಲಿ ಗುಲಾಬಿ, ದೊಣ್ಣೆ ಮೆಣಸಿನಕಾಯಿ ಬೆಳೀತಾರೆ. ತಳಿಯಲ್ಲೇ ಭಾರತ-ಇಸ್ರೇಲ್ ಯೋಜನೆಯ ಹೂವಿನ ಕೇಂದ್ರ ಇದೆ. ರೇಷ್ಮೆಗೂಡು ಬೆಳೆಯೋರು ಹೊಸೂರಿಗೂ ಹೋಗ್ತಾರೆ, ರಾಮನಗರದ ಮಾರ್ಕೆಟ್ಟಿಗೂ ಹೋಗ್ತಾರೆ. ಗಡಿ ದಾಟಿದರೆ ಕನಕಪುರ, ಆನೇಕಲ್ ತಾಲೂಕು. ಇಷ್ಟೆಲ್ಲಾ ಸುತ್ತ ಇರುವಾಗ ನಮ್ಮ ಬೀದಿಯ ಐದು ಕಿರಾಣಿ ಅಂಗಡಿಯವರು ಐದು ಬೇರೆ ಬೇರೆ ದಿನ ಬೆಂಗಳೂರಿಗೆ ಹೋಗಿ, ಐದು ಬೇರೆ ಬೇರೆ ಟೆಂಪೋದಲ್ಲಿ, ಅದೇ ಸಕ್ಕರೆ, ಅದೇ ಎಣ್ಣೆ, ಅದೇ ಸೋಪು ತರ್ತಾರೆ. ಒಂದೇ ಟೆಂಪೋ ಮಾಡಿ, ಮೂರು ಜನದ ಸರಕು ಸೇರಿಸಿ ತಗೊಂಡರೆ ಬಾಡಿಗೆಯಲ್ಲಿ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕೋಕೆ ಬಿಕಾಂ ಬೇಕಾಗಿಲ್ಲ. "ಅವನಿಗೆ ನಾನು ಎಲ್ಲಿಂದ ತರ್ತೀನಿ ಅಂತ ಗೊತ್ತಾಗಿಬಿಡುತ್ತಲ್ಲ" ಅಂತೀರಿ. ಅಣ್ಣ, ಎಲ್ಲಿಂದ ತರ್ತೀರಿ ಅನ್ನೋದು ಟೆಂಪೋ ಡ್ರೈವರ್‌ಗೆ ಗೊತ್ತು. ಡ್ರೈವರ್‌ಗೆ ಗೊತ್ತಾದ ಮೇಲೆ ಊರಿಗೆಲ್ಲಾ ಗೊತ್ತು.

ಈಗ ನಿಜವಾಗಿ ನೋವಿನ ವಿಷಯಕ್ಕೆ ಬರ್ತೀನಿ. ಇವತ್ತು ನಾನು ಬಂದಿದ್ದೇ ಇದಕ್ಕೆ.

ವೆಲ್ಡಿಂಗ್ ಅಂಗಡಿ ಇಟ್ಟಿರೋ ಒಬ್ಬರು ಅಣ್ಣ ಒಬ್ಬ ಕಂಟ್ರಾಕ್ಟರ್‌ಗೆ ಪಾಲಿಹೌಸಿನ ಪೈಪು, ಬಾಗಿಲು ಎಲ್ಲಾ ಮಾಡಿ ಕೊಟ್ಟರು. ಕಬ್ಬಿಣ ಇವರದೇ, ಕೂಲಿ ಇವರದೇ. ಏಳು ತಿಂಗಳಾದರೂ ದುಡ್ಡು ಬರಲಿಲ್ಲ. ಅಂಗಡಿ ಸಾಲದ ಕಂತು ತಪ್ಪಿತು, ಹೆಂಡತಿಯ ಒಡವೆ ಅಡ ಇಟ್ಟರು. ಆಮೇಲೆ ತಿಳೀತು, ಅದೇ ಕಂಟ್ರಾಕ್ಟರ್ ಅದಕ್ಕೆ ಮುಂಚೆ ಇನ್ನಿಬ್ಬರಿಗೆ ಹೀಗೇ ಮಾಡಿದ್ದ, ಒಬ್ಬ ಪ್ಲಂಬರ್, ಒಬ್ಬ ಟ್ರಾಕ್ಟರ್ ಇಟ್ಟವರು. ಮೂರೂ ಜನ ಹತ್ತು ಕಿಲೋಮೀಟರ್ ಒಳಗೇ ಇದ್ದಾರೆ. ಮೊದಲ ಇಬ್ಬರು ಮರ್ಯಾದೆಗೆ ಅಂಜಿ ಯಾರ ಹತ್ತಿರಾನೂ ಬಾಯಿ ಬಿಟ್ಟಿರಲಿಲ್ಲ. ಒಂದೇ ಒಂದು ಫೋನ್ ಮಾಡಿ "ಈತ ಹೇಗಣ್ಣ, ದುಡ್ಡು ಕೊಡ್ತಾನಾ" ಅಂತ ಕೇಳೋ ಪರಿಚಯ ಇದ್ದಿದ್ದರೆ ಮೂರನೆಯವರು ಮುಂಗಡ ಇಲ್ಲದೆ ಕಬ್ಬಿಣ ಮುಟ್ಟುತ್ತಿರಲಿಲ್ಲ.

ಪರಿಚಯದಿಂದ ಗಿರಾಕಿ ಸಿಗ್ತಾರೆ ಅಂತ ಎಲ್ಲರೂ ಹೇಳ್ತಾರೆ. ಯಾವ ಗಿರಾಕಿಯಿಂದ ದೂರ ಇರಬೇಕು ಅಂತ ಗೊತ್ತಾಗೋದೂ ಪರಿಚಯದಿಂದಲೇ. ಸಣ್ಣ ಕಸುಬಿನವರಿಗೆ ಅದೇ ದೊಡ್ಡ ಲಾಭ ಅಂತ ನನ್ನ ಅನಿಸಿಕೆ, ಯಾಕಂದ್ರೆ ಒಂದು ದೊಡ್ಡ ಬಾಕಿ ಮುಳುಗಿದ್ರೆ ನಮಗೆ ಎರಡನೇ ಅವಕಾಶ ಇರಲ್ಲ.

ಈ ವಿಷಯದಲ್ಲಿ ಕಾನೂನೂ ನಮ್ಮ ಕಡೆ ಇದೆ, ಅದನ್ನೂ ಹೇಳಿಬಿಡ್ತೀನಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಮತ್ತು ಅತಿ ಸಣ್ಣ ಉದ್ಯಮದವರಿಂದ ಸರಕು ಅಥವಾ ಕೆಲಸ ತಗೊಂಡವರು, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ 45 ದಿನ ಮೀರದಂತೆ ದುಡ್ಡು ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಹಾಕಬಹುದು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. ಕೊಂಡವರು ಈ ಗಡುವಿನೊಳಗೆ ದುಡ್ಡು ಕೊಡದೇ ಇದ್ದರೆ, ನಿಜವಾಗಿ ಕೊಡೋ ವರ್ಷದವರೆಗೂ ಆ ಖರ್ಚನ್ನು ಲೆಕ್ಕದಲ್ಲಿ ಕಳೆಯುವಂತಿಲ್ಲ. ಆದ್ದರಿಂದ ಲೆಕ್ಕ ಸರಿಯಾಗಿ ಇಡೋ ಕಂಪನಿಗಳು ಈಗ "ನಿಮ್ಮದು ಉದ್ಯಮ್ ನೋಂದಣಿ ಇದೆಯಾ" ಅಂತ ತಾವೇ ಕೇಳ್ತಾರೆ.

ಇದಕ್ಕೆಲ್ಲಾ ಬೇಕಾಗೋದು ಎರಡು: ಕೆಲಸಕ್ಕೆ ಮುಂಚೆಯೇ ಮಾಡಿಸಿದ ಉದ್ಯಮ್ ನೋಂದಣಿ, ಮತ್ತೆ ಕೈಯಲ್ಲಿ ಬಿಲ್ಲು. ವೆಲ್ಡಿಂಗ್ ಅಣ್ಣನ ಹತ್ತಿರ ಬಿಲ್ಲೇ ಇರಲಿಲ್ಲ, ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಇತ್ತು. ನೋಂದಣಿಗೆ ಸರ್ಕಾರ ಒಂದು ಪೈಸೆ ತಗೊಳಲ್ಲ. ಆಧಾರ್ ಇದ್ದರೆ ಪೋರ್ಟಲ್‌ನಲ್ಲಿ ಮಾಡಬಹುದು. ಸಾವಿರ, ಎರಡು ಸಾವಿರ ಕೇಳೋ ಬ್ರೋಕರ್ ಹತ್ತಿರ ಹೋಗಬೇಡಿ. ಬರೀ ಕೊಂಡು ಮಾರೋ ಅಂಗಡಿಯವರಿಗೂ 2021ರ ಜುಲೈನಿಂದ ನೋಂದಣಿ ತೆರೆದಿದೆ, ಆದ್ರೆ ಅದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ತಡವಾದ ಬಾಕಿಯ ಈ ರಕ್ಷಣೆ ತಯಾರು ಮಾಡೋರಿಗೆ, ಕೆಲಸ ಮಾಡಿಕೊಡೋರಿಗೆ.

ಭಾಷೆಯ ಮಾತು ಬಿಟ್ಟರೆ ಈ ಪುಟದವರು ನನ್ನನ್ನ ಬಿಡಲ್ಲ, ನಾನೂ ಬಿಡಲ್ಲ. ನಮ್ಮಲ್ಲಿ ತುಂಬಾ ಜನ ಹಿರಿಯರು ತಮಿಳು ಮಾತಾಡ್ತಾರೆ, ಓದೋಕೆ ಬರಲ್ಲ. 2006ರ ತಮಿಳು ಕಲಿಕೆ ಕಾಯ್ದೆ ಆದ ಮೇಲೆ ಶಾಲೆಗೆ ಸೇರಿದ ಮಕ್ಕಳು ಓದ್ತಾರೆ. ಹೀಗಾಗಿ ಅಂಗಡಿಯಲ್ಲಿ ಅಪ್ಪನದು ಕನ್ನಡ ಖಾತೆ ಪುಸ್ತಕ, ಮಗಳದು ತಮಿಳು ಅರ್ಜಿ. ಜಿಲ್ಲಾ ಕೈಗಾರಿಕಾ ಕೇಂದ್ರದ ಕಾಗದ ತಮಿಳಲ್ಲಿ ಬಂದ್ರೆ ಅಪ್ಪ ಅದನ್ನ ಮಡಚಿ ದೇವರ ಪಟದ ಹಿಂದೆ ಇಡ್ತಾರೆ. ಕೊನೇ ದಿನಾಂಕ ಅಲ್ಲೇ ಕಳೆದುಹೋಗುತ್ತೆ. ಕನ್ನಡದಲ್ಲಿ ಕಾಗದ ಕೇಳೋ ಹಕ್ಕಿನ ಹೋರಾಟ ಅದರ ಪಾಡಿಗೆ ನಡೀಲಿ, ಅದು ಬೇಕು. ಅದು ಗೆಲ್ಲೋ ತನಕ ಆ ಕಾಗದ ಓದಿ ಹೇಳೋ ಒಬ್ಬರು ಈ ಬೀದಿಯಲ್ಲಿ ಯಾರು ಅಂತ ಎಲ್ಲರಿಗೂ ಗೊತ್ತಿರಬೇಕು. ಅವರ ಹೆಸರು ಗೊತ್ತಿರೋದೇ ಒಂದು ಸಂಪರ್ಕ.

ಇನ್ನೊಂದು ಕಡೆಯಿಂದ ನೋಡಿ. ಕನ್ನಡ ಮನೆಯಲ್ಲಿ, ತಮಿಳು ಕಚೇರಿಯಲ್ಲಿ, ತೆಲುಗು ಸಂತೆಯಲ್ಲಿ, ಉರ್ದು ಗ್ಯಾರೇಜಲ್ಲಿ. ನಮ್ಮ ಸಾಧಾರಣ ಅಂಗಡಿಯವರು ಒಂದು ಬೆಳಗ್ಗೆ ನಾಲ್ಕು ಭಾಷೆ ಆಡ್ತಾರೆ. ಬೆಂಗಳೂರಿನ ವ್ಯಾಪಾರಿಗೆ ಹೊಸೂರಿನ ತಮಿಳು ಕಚೇರಿ ಕಷ್ಟ, ಚೆನ್ನೈನವರಿಗೆ ಆನೇಕಲ್ಲಿನ ಕನ್ನಡ ಕಷ್ಟ. ಇಬ್ಬರ ಮಧ್ಯೆ ನಿಂತು ವ್ಯವಹಾರ ಕುದುರಿಸೋಕೆ ಆಗೋದು ಗಡಿಯವರಿಗೆ. ನಾವು ಅದನ್ನ ಬರೀ ಕಷ್ಟ ಅಂತ ಎಣಿಸ್ತೀವಿ. ಅಂಗಡಿ ಬೋರ್ಡಿನಲ್ಲಿ ತಮಿಳು ಮೊದಲು, ದೊಡ್ಡದಾಗಿ ಇರಬೇಕು ಅನ್ನೋದು ಈ ರಾಜ್ಯದ ನಿಯಮ. ಅದರ ಕೆಳಗೆ ಕನ್ನಡ ಬರೀಬೇಡಿ ಅಂತ ಎಲ್ಲೂ ಇಲ್ಲ. ಬರೀರಿ. ಆನೇಕಲ್ಲಿಂದ ಬರೋ ಗಿರಾಕಿ ಓದಿ ಒಳಗೆ ಬರ್ತಾರೆ. ಕಾರ್ಡ್ ಮಾಡಿಸೋದಾದ್ರೂ ಒಂದು ಕಡೆ ತಮಿಳು, ಇನ್ನೊಂದು ಕಡೆ ಕನ್ನಡ ಹಾಕ್ಸಿ.

ಗಡಿ ಅಂದಾಗ ಒಂದು ಎಚ್ಚರಿಕೆ. ಗಡಿಯಾಚೆ ಪರಿಚಯ ಬೆಳೆದು, ಸರಕು ಆ ಕಡೆ ಕಳಿಸೋಕೆ ಶುರು ಮಾಡಿದ್ರೆ ಅದು ಅಂತರರಾಜ್ಯ ಮಾರಾಟ ಆಗುತ್ತೆ, ಎರಡೇ ಕಿಲೋಮೀಟರ್ ಆದರೂ. ಜಿಎಸ್‌ಟಿಯಲ್ಲಿ ಕಾಂಪೊಸಿಷನ್ ತಗೊಂಡವರು ಬೇರೆ ರಾಜ್ಯದಿಂದ ಕೊಳ್ಳಬಹುದು, ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ಸರಕು ಮಾರೋರಿಗೆ 40 ಲಕ್ಷದ ವಹಿವಾಟಿನ ತನಕ ಇರೋ ವಿನಾಯಿತಿಯೂ ರಾಜ್ಯದ ಒಳಗಿನ ಮಾರಾಟಕ್ಕೆ. ರೈತರು ತಮ್ಮ ಹೊಲದ್ದು ತಾವು ಮಾರೋದು ಬೇರೆ ಮಾತು. ಆಡಿಟರ್ ಒಬ್ಬರನ್ನ ಕೇಳಿ ಮುಂದುವರಿಯಿರಿ. ಎಂಟು ಅಂಗಡಿಯವರು ಸೇರಿ ಒಬ್ಬರೇ ಆಡಿಟರ್ ಹಿಡಿದರೆ ಅವರೂ ಮರ್ಯಾದೆ ಕೊಟ್ಟು ಮಾತಾಡ್ತಾರೆ.

ಇದೆಲ್ಲಾ ಹೇಗೆ ಮಾಡೋದು? ದೂರ ಹೋಗೋದು ಬೇಡ, ನಿಮ್ಮ ಮನೆಯ ಹೆಂಗಸರನ್ನ ಕೇಳಿ. ತಮಿಳುನಾಡಿನಲ್ಲಿ ಮಹಿಳಾ ಸ್ವಸಹಾಯ ಗುಂಪಿನ ಯೋಜನೆ ಮೊಟ್ಟಮೊದಲು ಶುರುವಾಗಿದ್ದು 1989ರಲ್ಲಿ, ಧರ್ಮಪುರಿ ಜಿಲ್ಲೆಯಲ್ಲಿ, ಐಫ್ಯಾಡ್ ಅನ್ನೋ ವಿಶ್ವಸಂಸ್ಥೆಯ ನಿಧಿಯ ನೆರವಿನಿಂದ. ಆಗ ನಾವೂ ಧರ್ಮಪುರಿ ಜಿಲ್ಲೆಯೇ. ಕೃಷ್ಣಗಿರಿ ಬೇರೆ ಆಗಿದ್ದು 2004ರಲ್ಲಿ. ನಬಾರ್ಡ್‌ನವರು ದೇಶದಲ್ಲಿ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಮಾಡಿದ್ದೇ 1992ರಲ್ಲಿ. ಅಂದ್ರೆ ಇಡೀ ರಾಜ್ಯಕ್ಕಿಂತ ಮೊದಲು ಸಂಘ ಕಟ್ಟಿ ಅಭ್ಯಾಸ ಇರೋರು ನಮ್ಮ ಜಿಲ್ಲೆಯ ಅಮ್ಮಂದಿರು. ಸಂಘದ ಹೆಂಗಸರು ಬ್ಯಾಂಕಿಗೆ ಬಂದಾಗ ನೋಡಬೇಕು. ಇಬ್ಬರು ಬರ್ತಾರೆ, ಪುಸ್ತಕ ತರ್ತಾರೆ, ಮ್ಯಾನೇಜರನ್ನ ಹೆಸರು ಹಿಡಿದು ಕೇಳ್ತಾರೆ. ಅವರಲ್ಲಿ ಯಾರಿಗೆ ಹಸು ಬೇಕು, ಯಾರ ಮಗಳಿಗೆ ಹೊಲಿಗೆ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಗಂಡಸರು ಒಬ್ಬೊಬ್ಬರೇ ಬಂದು, ಯಾರೂ ನೋಡದ ಹಾಗೆ ಮೂಲೆಯಲ್ಲಿ ನಿಂತು, "ಮೇಡಂ, ಲೋನ್ ಏನಾದ್ರೂ ಸಿಗುತ್ತಾ" ಅಂತ ಪಿಸುಮಾತಲ್ಲಿ ಕೇಳ್ತಾರೆ. ನಗ್ತೀರಲ್ಲ, ನಿಜ ತಾನೇ?

ವ್ಯಾಪಾರಿಗಳು ಹೀಗೆ ಕಟ್ಟಿಕೊಂಡ ದೊಡ್ಡ ಉದಾಹರಣೆಯೂ ಈ ರಾಜ್ಯದಲ್ಲೇ ಇದೆ. ವಿರುದುನಗರ, ಶಿವಕಾಶಿ ಕಡೆಯ ನಾಡಾರ್ ವ್ಯಾಪಾರಿಗಳು ತಮ್ಮ ವ್ಯಾಪಾರದಲ್ಲಿ ಒಂದು ಪಾಲನ್ನು ಮಹಿಮೈ ಅಂತ ಸಮುದಾಯಕ್ಕೆ ಎತ್ತಿಡ್ತಿದ್ರು. ಅದರಲ್ಲಿ ಶಾಲೆಗಳನ್ನ ಕಟ್ಟಿದರು. 1921ರಲ್ಲಿ ತೂತ್ತುಕುಡಿಯಲ್ಲಿ ನಾಡಾರ್ ಬ್ಯಾಂಕ್ ಮಾಡಿದರು, ಅದೇ 1962ರಲ್ಲಿ ತಮಿಳ್ನಾಡ್ ಮರ್ಕೆಂಟೈಲ್ ಬ್ಯಾಂಕ್ ಆಯ್ತು. ಅವರದು ಒಂದೇ ಜಾತಿಯ ಕಟ್ಟು. ನಮ್ಮ ಬೀದಿಯಲ್ಲಿ ಹತ್ತು ಅಂಗಡಿಗೆ ಆರು ಜಾತಿ, ಮೂರು ಧರ್ಮ. ಜಾತಿ ಹಿಡಿದು ಹೊರಟರೆ ಒಂದು ಸಂಘಕ್ಕೆ ಇಬ್ಬರು ಸಿಗಬಹುದು. ನಮಗೆ ಬೀದಿಯೇ ಆಧಾರ ಆಗಬೇಕು.

ರೋಟರಿ ಕ್ಲಬ್ ಹೆಸರು ಕೇಳಿರ್ತೀರಿ, ದೊಡ್ಡವರ ಕ್ಲಬ್ ಅಂತ ನಾವಂದುಕೊಂಡಿದ್ದೀವಿ. 1905ರಲ್ಲಿ ಶಿಕಾಗೋದಲ್ಲಿ ಅದನ್ನ ಶುರು ಮಾಡಿದವರು ನಾಲ್ಕು ಜನ: ಒಬ್ಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರ್, ಒಬ್ಬ ಬಟ್ಟೆ ಹೊಲಿಯೋ ದರ್ಜಿ. ಸಭೆಗೆ ಹಾಲ್ ಇರಲಿಲ್ಲ. ಒಂದು ಸಲ ಇವರ ಜಾಗ, ಇನ್ನೊಂದು ಸಲ ಅವರ ಜಾಗ ಅಂತ ಸುತ್ತಿ ಬರ್ತಿದ್ರು, ಅದಕ್ಕೇ ರೋಟರಿ ಅಂತ ಹೆಸರು ಬಂತು. ನನಗೆ ಈ ಸುತ್ತೋದು ಇಷ್ಟ ಆಯ್ತು. ತಿಂಗಳಿಗೊಂದು ಸಲ, ಒಂದು ಸಲ ಹಿಟ್ಟಿನ ಗಿರಣಿಯಲ್ಲಿ, ಒಂದು ಸಲ ಟೈಲರ್ ಅಂಗಡಿಯಲ್ಲಿ, ಒಂದು ಸಲ ವೆಲ್ಡಿಂಗ್ ಶೆಡ್ಡಲ್ಲಿ ಸೇರಿ. ಅಂಗಡಿಯವರು ಟೀ ಕೊಡ್ತಾರೆ, ತಮ್ಮ ಮಿಷನ್ನು ತೋರಿಸ್ತಾರೆ, ತಮಗೆ ಏನು ಬೇಕು, ತಮ್ಮ ಹತ್ತಿರ ಏನಿದೆ ಅಂತ ಹತ್ತು ನಿಮಿಷ ಹೇಳ್ತಾರೆ. ಪಕ್ಕದ ಅಂಗಡಿಯ ಒಳಗೆ ಕಾಲಿಡದೆ ಇಪ್ಪತ್ತು ವರ್ಷ ಕಳೆದವರು ಇಲ್ಲಿ ಎಷ್ಟು ಜನ ಇದ್ದೀರಿ? ಭಾಷಣ ಬೇಡ, ಶಾಲು ಬೇಡ, ಅಧ್ಯಕ್ಷರ ಚುನಾವಣೆ ಮೊದಲೇ ಬೇಡ. ನಮ್ಮ ಕಡೆ ಸಂಘ ಒಡೆಯೋದೇ ಅಧ್ಯಕ್ಷರ ಕುರ್ಚಿಯಿಂದ.

ಪರಿಚಯ ಮಾಡಿಸೋದಕ್ಕೂ ಒಂದು ರೀತಿ ಇದೆ. "ಆಯ್ತಣ್ಣ, ನಂಬರ್ ಕಳಿಸ್ತೀನಿ" ಅಂದ್ರೆ ಅದು ಪರಿಚಯ ಆಗಲ್ಲ. ನೀವೇ ಮೊದಲು ಫೋನ್ ಮಾಡಿ, "ನಮ್ಮ ಬೀದಿಯ ಇಂಥವರು, ಕೆಲಸ ನಾನು ನೋಡಿದ್ದೀನಿ, ಹೊತ್ತಿಗೆ ಕೊಡ್ತಾರೆ" ಅಂತ ಹೇಳಿ, ಆಮೇಲೆ ನಂಬರ್ ಕೊಡಿ. ಕೆಲಸ ನೋಡಿಲ್ಲ ಅಂದ್ರೆ ನೋಡಿಲ್ಲ ಅಂತಾನೇ ಹೇಳಿ. ಸಹಾಯ ಮಾಡಿದವರಿಗೆ ಕೆಲಸ ಆಯ್ತೋ ಬಿಡ್ತೋ ಅಂತ ವಾಪಸ್ ಒಂದು ಮಾತು ಹೇಳಿ. ಕೆಲಸ ಇದ್ದಾಗ ಮಾತ್ರ ಫೋನ್ ಮಾಡೋರು ಯಾರು ಅಂತ ಎಲ್ಲರೂ ನೆನಪಿಟ್ಟಿರ್ತಾರೆ.

ವಾಟ್ಸಾಪ್ ಗುಂಪು ಮಾಡಿ, ಬೇಡ ಅನ್ನಲ್ಲ. ಗುಡ್ ಮಾರ್ನಿಂಗ್, ದೇವರ ಫೋಟೋ, ಪಾರ್ಟಿ ವಿಷಯ ಹಾಕದ ಹಾಗೆ ಒಬ್ಬರು ಗಟ್ಟಿ ಮನುಷ್ಯ ನೋಡ್ಕೋಬೇಕು. ಬರೆಯೋಕೆ ಕಷ್ಟ ಆದವರು ವಾಯ್ಸ್ ಹಾಕಲಿ. ದುಡ್ಡು ಕೊಡದವರ ಹೆಸರು ಮಾತ್ರ ಗುಂಪಿನಲ್ಲಿ ಹಾಕಬೇಡಿ. ಮಾನನಷ್ಟ ಅಂತ ಅವರು ತಿರುಗಿ ಬೀಳ್ತಾರೆ, ಬಾಕಿ ಜೊತೆಗೆ ವಕೀಲರ ಖರ್ಚೂ ಬರುತ್ತೆ. ಅಂಥದ್ದನ್ನ ಫೋನಲ್ಲಿ, ಕೇಳಿದವರಿಗೆ, ನಮ್ಮ ಅನುಭವ ಇಷ್ಟು ಅಂತ ಹೇಳಿದರೆ ಸಾಕು.

ಇನ್ನು ಬ್ಯಾಂಕಿನವಳಾಗಿ ಎರಡು ಮಾತು. ಪರಿಚಯ ಬೆಳೆದ ಮೇಲೆ "ಒಂದು ಜಾಮೀನು ಸೈನ್ ಹಾಕಿ ಅಣ್ಣ" ಅಂತ ಬರ್ತಾರೆ. ಸಾಲ ತಗೊಂಡವರಷ್ಟೇ ಹೊಣೆ ಜಾಮೀನು ಹಾಕಿದವರದೂ, ಕಾನೂನಿನಲ್ಲಿ ಇಬ್ಬರೂ ಒಂದೇ. ಗಿರಾಕಿ ತೋರಿಸೋದು ಬೇರೆ, ಸೈನ್ ಹಾಕೋದು ಬೇರೆ. ಎರಡನೇದು, ಇಂಥ ಸಭೆ ಶುರುವಾದ ತಕ್ಷಣ "ನೆಟ್‌ವರ್ಕ್ ಮಾರ್ಕೆಟಿಂಗ್" ಅಂತ ಒಬ್ಬರು ಟೈ ಕಟ್ಕೊಂಡು ಬಂದೇ ಬರ್ತಾರೆ. ಹತ್ತು ಸಾವಿರ ಕಟ್ಟಿ, ನಿಮ್ಮ ಕೆಳಗೆ ನಾಲ್ಕು ಜನ ಸೇರಿಸಿ, ಅವರ ಕೆಳಗೆ ನಾಲ್ಕು ಜನ ಅಂತಾರೆ. ಸರಕು ಮಾರೋದಕ್ಕೆ ಅಲ್ಲದೆ ಜನ ಸೇರಿಸೋದಕ್ಕೇ ದುಡ್ಡು ಬರುತ್ತೆ ಅಂದ್ರೆ ಅದು 1978ರ ಕಾಯ್ದೆ ನಿಷೇಧಿಸಿರೋ ಹಣದ ಸರಪಳಿ. ಅವರಿಗೆ ಟೀ ಕೊಟ್ಟು ಕಳಿಸಿ.

ಹಳೇ ಕಾಲದಲ್ಲಿ ಈ ಕೆಲಸವನ್ನ ಪಿಗ್ಮಿಯವರು ಮಾಡ್ತಿದ್ರು. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಮಾಡಿದರು, ದಿನಕ್ಕೆ ಎರಡಾಣೆ, ಏಜೆಂಟರು ಬಾಗಿಲಿಗೇ ಬಂದು ತಗೋತಿದ್ರು. ದಿನಾ ಅಂಗಡಿ ಅಂಗಡಿ ತಿರುಗೋ ಆ ಮನುಷ್ಯನಿಗೆ ಯಾರ ಹತ್ತಿರ ಏನು ಸಿಗುತ್ತೆ, ಯಾರಿಗೆ ಏನು ಬೇಕು ಎಲ್ಲಾ ಬಾಯಿಪಾಠ. ಈಗ ಫೋನಿಂದ ಫೋನಿಗೆ ದುಡ್ಡು ಹೋಗುತ್ತೆ, ಅನುಕೂಲವೇ. ಬೀದಿಯಲ್ಲಿ ಸುದ್ದಿ ಹೊತ್ತು ತಿರುಗೋರು ಮಾತ್ರ ಇಲ್ಲ. ಅವರ ಬದಲಿಗೆ ಒಂದು ಪುಸ್ತಕ ಇರಲಿ ಅಂತ ನಾನು ತಂದಿದ್ದೀನಿ. ಇನ್ನೂರು ಪುಟದ ನೋಟ್‌ಬುಕ್, ನಲವತ್ತು ರೂಪಾಯಿದು. ಮುಯ್ಯಿ ಪುಸ್ತಕದ ಹಾಗೇ ಗೆರೆ ಹಾಕಿದ್ದೀನಿ: ಹೆಸರು, ಕಸುಬು, ಫೋನು, ನನ್ನ ಹತ್ತಿರ ಏನಿದೆ, ನನಗೆ ಏನು ಬೇಕು, ಯಾವ ಯಾವ ಭಾಷೆ ಓದೋಕೆ ಬರುತ್ತೆ. ಕನ್ನಡದಲ್ಲೋ ತಮಿಳಲ್ಲೋ ಹೇಗೆ ಬರುತ್ತೋ ಹಾಗೆ ಬರೀರಿ, ಬರೆಯೋಕೆ ಆಗದವರಿಗೆ ಪಕ್ಕದವರು ಬರೆದುಕೊಡಿ. ಆ ಕಡೆ ಸಾಲಲ್ಲಿ ಕೂತಿರೋ ಸಂಡಿಗೆ ಅಕ್ಕನಿಂದ ಶುರು ಮಾಡೋಣ. ಪೆನ್ನು ಇಲ್ಲೇ ಇದೆ ಅಕ್ಕ, ತಗೊಳ್ಳಿ. ಮುಂದಿನ ತಿಂಗಳು ಯಾರ ಅಂಗಡಿಯಲ್ಲಿ ಸೇರೋದು ಅನ್ನೋದನ್ನೂ ಎದ್ದು ಹೋಗೋ ಮುಂಚೆ ಮೊದಲ ಪುಟದಲ್ಲೇ ಬರೆದುಬಿಡಿ.